ಮುತ್ಸುಕೊ ಬಲೆ ಹಿಡಿದದ್ದು

ನಿಶಿದೆ ಅವರ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷವಾದರೂ ಮುತ್ಸುಕೊ ಕಾಡುಬಾತುಗಳನ್ನು ಸತ್ತ ಮೇಲಷ್ಟೇ ಕಂಡಿದ್ದಳು. ಚಳಿಗಾಲದ ಸಂಜೆ ಮಾವ ಕುನಿಜೋ ಕೆರೆಯ ದಿಬ್ಬ ಇಳಿದು ಬರುತ್ತಿದ್ದ, ಹಿತ್ತಿಲ ಬಾಗಿಲ ಬಳಿ ಒಂದೋ ಎರಡೋ ಹಕ್ಕಿ ಇಟ್ಟು ಮಾತಿಲ್ಲದೆ ಸ್ನಾನಕ್ಕೆ ಹೋಗುತ್ತಿದ್ದ. ಪುಕ್ಕ ಕೀಳುವುದು ಸೊಸೆಯ ಪಾಲಿನ ಕೆಲಸ. ಕೀಳುತ್ತ ಕೀಳುತ್ತ ಅವಳ ಕೈ ಎಷ್ಟು ಪಳಗಿತ್ತೆಂದರೆ, ಕಣ್ಣು ಮುಚ್ಚಿಕೊಂಡು ಹಕ್ಕಿಯನ್ನು ಎತ್ತಿದರೂ ಅದು ಗದ್ದೆಯ ಭತ್ತ ತಿಂದದ್ದೋ ಕೆರೆಯ ಪಾಚಿ ತಿಂದದ್ದೋ ಹೇಳಿಬಿಡುತ್ತಿದ್ದಳು. ಅದು ಹಾರುವಾಗ ಹೇಗಿರುತ್ತದೆ ಎಂದು ಕೇಳಿದರೆ ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಸುಗಿನಾಮಿ ಕೆರೆಯಲ್ಲಿ ಬಂದೂಕಿಗೆ ಜಾಗವಿಲ್ಲ. ಮುತ್ತಜ್ಜಂದಿರ ಕಾಲದಿಂದಲೂ ಇಲ್ಲ. ಉತ್ತರದ ಹಿಮದ ನಾಡಿನಿಂದ ಬರುವ ಬಾತುಗಳು ಹಗಲೆಲ್ಲ ನೀರಿನ ಮೇಲೆ ತೂಕಡಿಸಿ, ಹೊತ್ತು ಮುಳುಗಿದ ಮೇಲಿನ ಕಾಲು ಗಂಟೆಯಲ್ಲಿ ಹಿಂಡುಹಿಂಡಾಗಿ ಎದ್ದು, ದಿಬ್ಬ ದಾಟಿ, ಕಾಗಾ ಬಯಲಿನ ಕೊಯ್ದ ಗದ್ದೆಗಳಿಗೆ ಹೋಗುತ್ತವೆ. ಆ ಕಾಲು ಗಂಟೆ ದಿಬ್ಬದ ಮೇಲೆ ನಿಂತು, ಕವಲುಕೋಲಿಗೆ ಕಟ್ಟಿದ ಬಲೆಯನ್ನು ತಲೆಯ ಮೇಲೆ ನೆಟ್ಟಗೆ ಎಸೆದು ಹಾರುವ ಹಕ್ಕಿಯನ್ನು ಹಿಡಿಯುವುದು ನಮ್ಮವರ ಬೇಟೆ. ಒಂದು ಕಾಲಕ್ಕೆ ನೂರು ಜನ ನಿಲ್ಲುತ್ತಿದ್ದರಂತೆ. ಈ ಸಂಗತಿ ನಡೆದ ಕಾಲಕ್ಕೆ ದಿಬ್ಬದ ಬುಡದ ಗುಡಿಸಲಿನ ಗೋಡೆಯ ಮೇಲೆ ಹದಿನಾಲ್ಕು ಹೆಸರಹಲಗೆಗಳು ಉಳಿದಿದ್ದವು. ಮನೆಗೊಂದು ಹಲಗೆ. ಆ ಮನೆಯಿಂದ ನಿಲ್ಲುವವರು ಇಲ್ಲವಾದರೆ ಹಲಗೆ ಇಳಿಸುತ್ತಾರೆ, ಮತ್ತೆ ಏರಿಸುವುದಿಲ್ಲ.

ಕುನಿಜೋಗೆ ಎಪ್ಪತ್ತಾರು ತುಂಬಿತ್ತು. ಮಗ ಶಿಗೆಕಿ ಕೊಮಾತ್ಸು ಊರಿನ ಬಸ್ಸು ಓಡಿಸುತ್ತಿದ್ದ, ಮನೆ ಸೇರುವಾಗ ಎಂಟು ಹೊಡೆಯುತ್ತಿತ್ತು, ಬಾತುಗಳೆಂದರೆ ಅವನಿಗೆ ತಿನ್ನುವುದಕ್ಕೂ ಅಷ್ಟಕ್ಕಷ್ಟೆ. ಹಲಗೆ ಹೋದರೆ ಹೋಗಲಿ, ಈ ಮನೆಯಲ್ಲಿ ಒಬ್ಬರ ಕಿವಿಯಾದರೂ ಚಳಿಗೆ ಸೀಳದೆ ಉಳಿಯುತ್ತದೆ ಎಂದು ಅತ್ತೆ ಫುಸಾ ಹೇಳುತ್ತಿದ್ದಳು. ಹೀಗಿರುವಾಗ ಒಂದು ಸಂಜೆ ಊಟದ ಮಧ್ಯೆ ಮುತ್ಸುಕೊ ತಾನು ನಿಲ್ಲುತ್ತೇನೆ ಎಂದಳು. ಆಗ ಅವಳಿಗೆ ನಲವತ್ತೈದು.

ಶಿಗೆಕಿ ಅನ್ನದ ಬಟ್ಟಲು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ಹಂಡೆ ಎತ್ತಿ ಬರುವವಳಿಗೆ ಇದೊಂದು ಬಾಕಿ ಇತ್ತಾ ಎಂದು ಅತ್ತೆ ಗೊಣಗಿದಳು. ಕುನಿಜೋ ಮಾತ್ರ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ.

"ಬಲೆ ನೀನೇ ಕಟ್ಕೋಬೇಕು," ಎಂದ. "ನಂದು ಕೊಡಲ್ಲ."

ಅವಳಿಗೆ ಬೇಕಾಗಿದ್ದದ್ದೂ ಅದೇ. ಆ ಮನೆಯಲ್ಲಿ ಅವಳ ಕೈಗೆ ಬಂದ ವಸ್ತುಗಳೆಲ್ಲ ಬೇರೆಯವರದಾಗಿದ್ದವು. ಚಾಕು ಅತ್ತೆಯದು, ಉಪ್ಪಿನಕಾಯಿ ಜಾಡಿಯ ಮೇಲಿಡುವ ಕಲ್ಲು ಅತ್ತೆಯ ಅತ್ತೆಯದು, ಹೊದ್ದುಕೊಳ್ಳುವ ರಜಾಯಿ ಯಾವ ಕಾಲದ್ದೋ. ಅವಳಿಗೆ ಅದರಿಂದ ದುಃಖವಿರಲಿಲ್ಲ; ಯಾರೂ ಅವಳನ್ನು ಹೀನಾಯವಾಗಿ ಕಂಡಿರಲಿಲ್ಲ. ಆದರೆ ತನ್ನ ತೋಳಿನ ಅಳತೆಗೇ ಆದ, ಬೇರೆ ಯಾರಿಗೂ ಒಗ್ಗದ ಒಂದು ವಸ್ತು ಇರಬೇಕೆಂದು ಅವಳಿಗೆ ಆಸೆಯಾಗಿತ್ತು. ಇಷ್ಟು ಸಣ್ಣ ಆಸೆಯನ್ನು ಯಾರ ಮುಂದೆ ಹೇಳಿಕೊಳ್ಳುವುದು? ಹಲಗೆ ಉಳಿಸಬೇಕಲ್ಲ ಎಂದಷ್ಟೇ ಹೇಳಿದಳು.

ಬೇಸಿಗೆಯಲ್ಲಿ ಬಲೆಯ ಲೈಸೆನ್ಸಿಗೆಂದು ಪರೀಕ್ಷೆ ಬರೆದಳು. ಕೊಲ್ಲಬಹುದಾದ ಹಕ್ಕಿ, ಕೊಲ್ಲಬಾರದ ಹಕ್ಕಿ ಎಂದು ಚಿತ್ರ ತೋರಿಸಿ ಕೇಳಿದರು. ಬಂದೂಕಿನವರು ತಲೆ ಕೆರೆದುಕೊಳ್ಳುತ್ತಿದ್ದಾಗ ಇವಳು ರೆಕ್ಕೆಯ ಬಣ್ಣ ನೋಡಿ ಸರಸರ ಬರೆದು ಎದ್ದುಬಂದಳು. ಆಮೇಲೆ ಪೇಟೆಯ ಕ್ರೀಡಾಸಾಮಗ್ರಿ ಅಂಗಡಿಗೆ ಹೋಗಿ, ಹಿಮಕ್ಕೂ ಗಾಳಿಗೂ ಜಗ್ಗದ ಕಡುನೀಲಿ ಜಾಕೆಟ್ಟು ಕೊಂಡಳು. ನವೆಂಬರ್ ನಡುವಿನಲ್ಲಿ ಅದನ್ನೇ ತೊಟ್ಟು ಮೊದಲ ಸಲ ಗುಡಿಸಲಿಗೆ ಹೋದಳು. ಗುಡಿಸಲಿನ ಯಜಮಾನ ಕಾಮಿದೆ, ಅರವತ್ತೆಂಟರ ಬಡಗಿ, ಎದ್ದು ಬಂದು ಅವಳ ತೋಳನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ. ಸರಬರ ಎಂದಿತು.

"ಇದನ್ನ ಹಾಕ್ಕೊಂಡು ನಿಂತ್ರೆ, ತಾಯಿ, ಬಾತುಗಳು ವಾಪಸ್ಸು ಸೈಬೀರಿಯಾಕ್ಕೇ ಹೋಗ್ತವೆ," ಎಂದ.

ಎಲ್ಲರೂ ನಕ್ಕರು, ಅವಳೂ ನಕ್ಕಳು. ಜಾಕೆಟ್ಟು ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಆ ದಿಬ್ಬದ ಮೇಲೆ ಉಣ್ಣೆ ಮತ್ತು ಹಳೆಯ ಹತ್ತಿ ಬಟ್ಟೆ ಮಾತ್ರ ನಡೆಯುತ್ತದೆ. ಕಾಲಿಗೆ ರಬ್ಬರಿನ ಬೂಟು, ಅದು ಕಿರುಗುಟ್ಟದ ಹಾಗೆ ಅಡಿಗೆ ಹುಲ್ಲಿನ ಹಗ್ಗ. ತಲೆಗೆ ಟೊಪ್ಪಿಗೆ ಇರಬಹುದು, ಕಿವಿ ಮುಚ್ಚುವ ಹಾಗಿಲ್ಲ. ಕತ್ತಲಾಗುವ ಹೊತ್ತಿನಲ್ಲಿ ಬಾತುಗಳು ಕಪ್ಪು ಮರಗಳ ಹಿಂದಿನಿಂದ ರಪ್ಪನೆ ಬಂದು ಕಣ್ಣು ಮಿಟುಕಿಸುವುದರೊಳಗೆ ದಾಟಿಬಿಡುತ್ತವೆ. ಮೊದಲು ರೆಕ್ಕೆಯ ಸದ್ದು ಬರಬೇಕು, ಕಿವಿ ತೋರಿಸಿದ ಕಡೆಗೆ ಕಣ್ಣು ಹೋಗಬೇಕು, ಕಣ್ಣು ಹೋಗುವಷ್ಟರಲ್ಲಿ ಕೈ ಎದ್ದಿರಬೇಕು. ಕಣ್ಣನ್ನೇ ನಂಬಿದವನು ಹಿಂಡು ದಾಟಿದ ಮೇಲೆ ಎಸೆಯುತ್ತಾನೆ, ಹಿಂದೆ ಬರುವ ಹಿಂಡುಗಳನ್ನೂ ಹೆದರಿಸಿ ತಿರುಗಿಸುತ್ತಾನೆ, ಉಳಿದ ಹದಿಮೂರು ಜನರ ಸಂಜೆಯೂ ಹಾಳು. ಆದ್ದರಿಂದ ಕಿವಿ ಹೋದವನು ನಿಲ್ಲಬಾರದು. ಹಿಂದೊಮ್ಮೆ ಪೀಪಾಯಿ ಮಾಡುವ ಯಾಹೆಯಿಗೆ ಕಿವಿ ಮಂದವಾದಾಗ, ಇನ್ನು ಸಾಕು ಇಳಿ ಎಂದು ಮುಖಕ್ಕೆ ಹೇಳಿದವನು ಬೇರೆ ಯಾರೂ ಅಲ್ಲ, ಕುನಿಜೋನೇ.

ಹೊಸಬರು ಮೊದಲ ಚಳಿಗಾಲ ಬಲೆ ಹಿಡಿಯುವಂತಿಲ್ಲ. ಕಲಿಸುವವರ ಹಿಂದೆ ನಿಂತು ಕೇಳಿಸಿಕೊಳ್ಳಬೇಕು, ಅಷ್ಟೆ. ಕುನಿಜೋ ಅವಳ ಎಡಗೈಗೆ ತನ್ನ ನಡುಪಟ್ಟಿಯ ತುದಿ ಕೊಟ್ಟ.

"ಸದ್ದು ಕೇಳಿದ ತಕ್ಷಣ ಎಳಿ. ಎಡದಿಂದ ಬಂದ್ರೆ ಎಡಕ್ಕೆ, ಬಲದಿಂದ ಬಂದ್ರೆ ಬಲಕ್ಕೆ. ನಿನ್ನ ಕಿವಿ ಎಷ್ಟು ಚುರುಕು ನೋಡ್ತೀನಿ."

ಮೊದಮೊದಲು ಅವಳಿಗೆ ಕೇಳಿಸಿದ್ದು ಗಾಳಿ ಮತ್ತು ತನ್ನದೇ ಉಸಿರು. ಡಿಸೆಂಬರ್ ಹೊತ್ತಿಗೆ ಕೆರೆಯ ನೀರು ಒದೆದು ಹಕ್ಕಿಗಳು ಏಳುವ ಸದ್ದು ಬೇರೆ, ಮೇಲೆ ಸುತ್ತು ಹಾಕುವ ಸದ್ದು ಬೇರೆ, ದಿಬ್ಬದ ಕಡೆ ಮೂಗು ತಿರುಗಿಸಿದ ಹಿಂಡಿನ ಸದ್ದೇ ಬೇರೆ ಎಂದು ಗೊತ್ತಾಗತೊಡಗಿತು. ಬಟ್ಟೆ ಹರಿದ ಹಾಗೆ ಆ ಸದ್ದು ಬಂದಾಗ ಅವಳು ಪಟ್ಟಿ ಎಳೆಯುತ್ತಿದ್ದಳು, ಮಾವ ಹೂಂ ಎನ್ನುತ್ತಿದ್ದ, ಬಲೆ ಹಾರುತ್ತಿತ್ತು. ಹೂಂ ಎಂದರೆ ನಿನ್ನ ಕಿವಿ ಸರಿಯಿದೆ ಎಂದು ಅವಳು ತಿಳಿದಿದ್ದಳು. ಆ ವರ್ಷ ಹೊಸ ವರ್ಷದ ಹಬ್ಬದೊಳಗೆ ಕುನಿಜೋ ಹನ್ನೊಂದು ಹಕ್ಕಿ ಹಿಡಿದ. ಬಾತಿನ ಮಾಂಸದ ಜಿಬುನಿ ಬೇಯಿಸುವ ಹೋಟೆಲಿನವರು ಮನೆಗೇ ಬಂದು ಹೊಗಳಿ ಹೋದರು.

ಜನವರಿಯ ಒಂದು ಸಂಜೆ ಹಿಮ ಗಟ್ಟಿಯಾಗಿತ್ತು. ಕೆರೆಯಿಂದ ಹಿಂಡು ಇನ್ನೂ ಎದ್ದಿರಲಿಲ್ಲ, ಎಲೆ ಅಲುಗುವ ಸದ್ದೂ ಇರಲಿಲ್ಲ. ಮುತ್ಸುಕೊಳ ಕಾಲು ಜಾರಿತು. ಬೀಳದಂತೆ ಕೈಯಲ್ಲಿದ್ದದ್ದನ್ನು ಬಿಗಿಹಿಡಿದಳು. ಪಟ್ಟಿ ಬಲಕ್ಕೆ ಜಗ್ಗಿತು. ಕುನಿಜೋ ಹೂಂ ಎಂದು ಬಲೆಯನ್ನು ಬಲಗಡೆಯ ಖಾಲಿ ಆಕಾಶಕ್ಕೆ ಎಸೆದ.

ಬಲೆ ಬಂದು ಹಿಮದ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಾಗಿದ ಮಾವನ ಬೆನ್ನನ್ನು ನೋಡುತ್ತ ಮುತ್ಸುಕೊ ನಿಂತೇ ಇದ್ದಳು. ಮನೆಯಲ್ಲಿ ಅತ್ತೆ ಯಾವಾಗಲೂ ಕೂಗಿಯೇ ಮಾತಾಡುವವಳು, ಟೀವಿ ಯಾವಾಗಲೂ ಬೊಬ್ಬೆ ಹಾಕುತ್ತಿತ್ತು, ಅಲ್ಲಿ ಯಾರಿಗೂ ಏನೂ ತೋಚಿರಲಿಲ್ಲ. ಈಗ ಎಲ್ಲವೂ ಒಟ್ಟಿಗೆ ತಿಳಿಯಿತು. ಆ ಹನ್ನೊಂದು ಹಕ್ಕಿಗಳನ್ನು ಹಿಡಿದದ್ದು ಮಾವನ ತೋಳು ಮತ್ತು ತನ್ನ ಕಿವಿ. ಅವಳಿಗೆ ಸಿಟ್ಟು ಬರಲಿಲ್ಲ.

ಬೇಟೆ ಮುಗಿದ ಮೇಲೆ ಎಲ್ಲರೂ ಗುಡಿಸಲಿನಲ್ಲಿ ಒಲೆಯ ಸುತ್ತ ಕುಳಿತು, ಏನು ಬಂತು, ಏನು ಎಸೆದೆ, ಎಲ್ಲಿ ತಪ್ಪಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಪದ್ಧತಿ. ಅಲ್ಲಿ ಸುಳ್ಳು ಹೇಳುವುದನ್ನು ನಮ್ಮವರು ಕಳ್ಳತನಕ್ಕಿಂತ ಕೀಳಾಗಿ ಕಾಣುತ್ತಾರೆ. ಕೈ ಜಾರಿತು ಎಂದ ಕುನಿಜೋ. ಕಾಮಿದೆ ಅದನ್ನು ಕೇಳಿಕೊಂಡು, ಹೊರಡುವಾಗ ಮುತ್ಸುಕೊಳನ್ನು ಬಾಗಿಲ ಬಳಿ ತಡೆದ.

"ಈ ಪಟ್ಟಿ ಹಿಡ್ಕೊಳ್ಳೋದು ಯಾವ ಕಾಲದ್ದಮ್ಮ? ಐವತ್ತು ವರ್ಷದಲ್ಲಿ ನಾನು ಕಂಡಿಲ್ಲ."

"ಹಿಮದಲ್ಲಿ ಕಾಲು ನಿಲ್ಲಲ್ಲ ಅಣ್ಣ. ನಾನೇ ಹಿಡ್ಕೋತೀನಿ ಅಂದೆ," ಎಂದಳು ಮುತ್ಸುಕೊ.

ಮರುದಿನವೂ ಅವಳು ಪಟ್ಟಿ ಹಿಡಿದಳು. ಫೆಬ್ರವರಿಯಲ್ಲಿ ಬೇಟೆ ಮುಗಿಯುವವರೆಗೂ ಹಿಡಿದಳು, ಮೊದಲಿಗಿಂತ ಎಚ್ಚರವಾಗಿ, ಸದ್ದು ಖಾತ್ರಿಯಾದ ಮೇಲಷ್ಟೇ ಎಳೆಯುತ್ತ. ಗೊತ್ತಿದ್ದೂ ಹೀಗೆ ಮಾಡುವುದು ಗುಡಿಸಲಿನವರಿಗೆಲ್ಲ ಮೋಸ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾವನಿಗೆ ಹೇಳಲು ಬಾಯಿ ಬರಲಿಲ್ಲ.

ಮುಂದಿನ ಬೇಸಿಗೆಯೆಲ್ಲ ಬಲೆಯ ಕೆಲಸ. ಹಿಡಿಗೆ ಹಿನೋಕಿ ಮರ, ಕವಲಿಗೆ ಎರಡು ಬಿದಿರಿನ ತೋಳು, ಅವುಗಳ ನಡುವೆ ಅವಳೇ ಗಂಟು ಗಂಟಾಗಿ ಹೆಣೆದ ಬಲೆ. ಆಳಿಗಿಂತ ಎರಡು ಮೊಳ ಎತ್ತರ, ತೂಕ ಮಾತ್ರ ಒಂದು ಕಿಲೋ ಮೀರಬಾರದು. ಬಲೆಯ ಅಂಚನ್ನು ಕೋಲಿಗೆ ಸಿಕ್ಕಿಸುವ ಬಿದಿರಿನ ಮೊಳೆಯಲ್ಲಿದೆ ಕಸುಬೆಲ್ಲ. ಸಡಿಲವಾದರೆ ಎಸೆಯುವಾಗಲೇ ಕಳಚುತ್ತದೆ. ಬಿಗಿಯಾದರೆ ಹಕ್ಕಿ ಬಡಿದರೂ ಕಳಚದೆ ಅದರ ಕುತ್ತಿಗೆ ಮುರಿಯುತ್ತದೆ. ಸರಿಯಾಗಿದ್ದರೆ ಹಕ್ಕಿ ಬಡಿದ ಕೂಡಲೇ ಅಂಚು ಬಿಟ್ಟುಕೊಂಡು ಬಲೆ ಚೀಲವಾಗಿ ಮುಚ್ಚುತ್ತದೆ. ಕುನಿಜೋ ಹತ್ತಿರ ಕುಳಿತು ಹೇಳಿಕೊಡುತ್ತಿದ್ದ, ಅವಳು ಮೂರು ಹಿಡಿ ಕೆತ್ತಿ ಮೂರನ್ನೂ ಸೌದೆಗೆ ಹಾಕಿದಳು. ನಾಲ್ಕನೆಯದನ್ನು ಹಿಡಿದು ಅಂಗಳದಲ್ಲಿ ತಲೆಯ ಮೇಲೆ ಎಸೆದಾಗ ಅದು ಮನೆಯ ಮಾಡಿಗಿಂತ ಎತ್ತರ ಹೋಗಿ ನೆಟ್ಟಗೆ ಅವಳ ಕೈಗೇ ಇಳಿಯಿತು. ಕುನಿಜೋ ಅದನ್ನು ಇಸಿದುಕೊಂಡು ತಾನೊಮ್ಮೆ ಎಸೆದ. ಅವನ ಕೈಯಲ್ಲಿ ಅದು ವಾಲಿತು.

"ನಂಗೆ ಬಗ್ಗಲ್ಲ ಇದು," ಎಂದು ಹಿಂದಕ್ಕೆ ಕೊಟ್ಟ. ಆ ದಿನ ಅವಳಿಗಾದ ಸಂತೋಷ ಮದುವೆಯಾದ ಮೇಲೆ ಎಂದೂ ಆಗಿರಲಿಲ್ಲ.

ಆದರೆ ಬಲೆ ಸಿದ್ಧವಾದ ಹಾಗೆ ಎದೆ ಭಾರವಾಗುತ್ತ ಬಂತು. ಎರಡನೆಯ ಚಳಿಗಾಲದಲ್ಲಿ ಅವಳು ತನ್ನದೇ ಜಾಗದಲ್ಲಿ ನಿಲ್ಲಬೇಕು, ಮಾವ ತನ್ನ ಜಾಗದಲ್ಲಿ ಒಬ್ಬನೇ. ಇವಳು ಎಸೆದರೆ ಅವನ ಕಿವಿ ಹೋಯಿತು; ಅವನಿಗೆ ಕಿವಿಯಾದರೆ ಈ ಬಲೆ ಗೋಡೆ ಸೇರಿತು. ನವೆಂಬರಿನಲ್ಲಿ ಬೇಟೆ ಶುರುವಾಗುವ ಹಿಂದಿನ ದಿನ ಅವಳು, ತನಗಿನ್ನೂ ಧೈರ್ಯ ಸಾಲದು, ಇನ್ನೊಂದು ವರ್ಷ ಹಿಂದೆಯೇ ನಿಲ್ಲುತ್ತೇನೆ ಎಂದು ಅವನ ಎದುರು ಕುಳಿತು ಗಟ್ಟಿಯಾಗಿ ಹೇಳಿದಳು. ಕುನಿಜೋ ಬಹಳ ಹೊತ್ತು ಅವಳ ಬಾಯಿಯನ್ನೇ ನೋಡುತ್ತಿದ್ದ.

"ಬಲೆ ಕಟ್ಟಿದ್ದು ನೇತು ಹಾಕೋಕಾ?" ಎಂದ. "ಪಟ್ಟಿ ಹಿಡಿಯೋ ಕಾಲ ಮುಗೀತು. ನನ್ನ ಚಿಂತೆ ನಂಗಿರಲಿ."

ಇವಳಿಗೆ ಗೊತ್ತು ಎಂದು ಅವನಿಗೂ ಗೊತ್ತು ಎಂಬುದು ಆಗ ಇವಳಿಗೆ ತಿಳಿಯಿತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಣ್ಣು ಇನ್ನೂ ಚೆನ್ನಾಗಿದೆ, ಅಷ್ಟರಲ್ಲೇ ಸುಧಾರಿಸುತ್ತೇನೆ ಎಂದು ಮುದುಕ ತನಗೆ ತಾನೇ ಹೇಳಿಕೊಂಡಿದ್ದನೋ ಏನೋ. ಅರವತ್ತು ಚಳಿಗಾಲ ನಿಂತವನಿಗೆ ಇಳಿ ಎಂದು ಹೇಳಿಕೊಳ್ಳುವುದು ಅಷ್ಟು ಸುಲಭವಲ್ಲ. ಯಾಹೆಯಿಯ ಮುಖ ಅವನ ಕಣ್ಣ ಮುಂದೆ ಬಂದಿರಲೂ ಸಾಕು.

ಮೊದಲ ದಿನ ಗುಡಿಸಲಿನಲ್ಲಿ ಜಾಗಕ್ಕೆ ಚೀಟಿ ಎತ್ತಿದರು. ಕುನಿಜೋಗೆ ಬಂದದ್ದು ಏಳನೆಯದು, ಕೆರೆಯ ಅಂಚಿನ ಒಳ್ಳೆಯ ಜಾಗ. ಮುತ್ಸುಕೊಗೆ ಎಂಟು, ಅವನ ಬೆನ್ನ ಹಿಂದೆ ಹತ್ತು ಹೆಜ್ಜೆ ಕೆಳಗೆ. ಮುಂದೆ ನಿಂತವರು ಬಲೆ ಎಸೆಯುವವರೆಗೆ, ಇಲ್ಲವೇ ಬೇಡವೆಂದು ಕೋಲು ಇಳಿಸುವವರೆಗೆ ಹಿಂದಿನವರು ಎಸೆಯುವಂತಿಲ್ಲ. ದಾಟಿ ಎಸೆದವರು ಹಿಡಿದ ಹಕ್ಕಿಯನ್ನು ಮುಂದಿನವರ ಮಂಡಿಯ ಬಳಿ ಇಟ್ಟು ತಪ್ಪೊಪ್ಪಿಕೊಂಡು ಆ ಚಳಿಗಾಲವೆಲ್ಲ ಮನೆಯಲ್ಲಿರಬೇಕು. ಹೊಸಬರಾದರೆ ಮತ್ತೆ ಕರೆಯುವುದೂ ಅನುಮಾನ.

ಆಕಾಶದ ಕೆಂಪು ಆರಿತು. ಕೆರೆಯಲ್ಲಿ ನೀರು ಒದೆದ ಸದ್ದಾಯಿತು. ಮೊದಲ ಹಿಂಡು ಎಡದಿಂದ ಬರುತ್ತಿರುವುದು ಮುತ್ಸುಕೊಗೆ ಸ್ಪಷ್ಟವಾಗಿ ಕೇಳಿತು. ಮಾವನ ಮುಖ ಬಲಕ್ಕೆ ತಿರುಗಿತ್ತು. ಅವಳ ಎಡಗೈ ತಾನಾಗಿ ಎಳೆಯಲು ಹೋಯಿತು, ಕೈಯಲ್ಲಿ ಪಟ್ಟಿ ಇರಲಿಲ್ಲ. ಹಿಂಡು ಅವನ ನೆತ್ತಿಯ ಮೇಲೆ ಹಾದು, ಇವಳ ನೆತ್ತಿಯ ಮೇಲೆ ಹಾದು ಹೋಯಿತು. ಎರಡನೆಯದೂ ಹಾಗೆಯೇ. ಅವನ ಕೋಲು ಎದ್ದೂ ಇಲ್ಲ, ಇಳಿದೂ ಇಲ್ಲ. ಮರದ ಹಾಗೆ ನಿಂತಿದ್ದ. ಬಲಗಡೆಯ ಆಕಾಶವನ್ನು ಅವನು ಅಷ್ಟು ಎಚ್ಚರವಾಗಿ ಕಾಯುತ್ತಿದ್ದದ್ದನ್ನು ನೋಡಿ ಅವಳಿಗೆ ಅಳು ಬಂತು.

ಮೂರನೆಯ ಹಿಂಡು ಬಂದಾಗ ಅವಳು ಏನೂ ಯೋಚಿಸಲಿಲ್ಲ. ಸದ್ದು ಬಂತು, ಕಣ್ಣು ಹೋಯಿತು, ಕೈ ಎದ್ದಿತ್ತು. ಮೇಲೆ ಥಪ್ ಎಂದಿತು, ಬಲೆ ಚೀಲವಾಗಿ ಹುಲ್ಲಿನ ಮೇಲೆ ಬಿತ್ತು. ಒಳಗೆ ಹಸಿರು ತಲೆಯ ಗಂಡುಬಾತು, ಬೆಚ್ಚಗೆ, ಅವಳ ಅಂಗೈಯನ್ನು ಒದೆಯುತ್ತಿತ್ತು. ಜೀವ ಇರುವ ಹಕ್ಕಿ ಇಷ್ಟು ಹಗುರವೆಂದು ಅವಳಿಗೆ ಗೊತ್ತಿರಲಿಲ್ಲ. ಮಾವ ಹೇಳಿಕೊಟ್ಟಂತೆ ಅದರ ಕುತ್ತಿಗೆ ತಿರುಚಿದಳು. ಹತ್ತು ಹೆಜ್ಜೆ ಮುಂದೆ ನಿಂತವನು ತಿರುಗಿ ನೋಡಲಿಲ್ಲ.

ಗುಡಿಸಲಿನಲ್ಲಿ ಒಲೆಯ ಸುತ್ತ ಚಹದ ಬಟ್ಟಲು ಹಿಡಿದು ಕುಳಿತರು. ಒಬ್ಬೊಬ್ಬರೇ ಹೇಳುತ್ತ ಬಂದರು. ಸರದಿ ಬಂದಾಗ ಪಕ್ಕದವನು ಕುನಿಜೋನ ತೊಡೆ ಮುಟ್ಟಿದ.

"ನನ್ನ ಮೇಲೆ ಒಂದೂ ಬರ್ಲಿಲ್ಲ," ಎಂದ ಕುನಿಜೋ. "ಗಾಳಿ ಸರಿ ಇಲ್ಲ ಇವತ್ತು."

ಯಾರೂ ಚಹ ಕುಡಿಯಲಿಲ್ಲ. ಮೂರು ಹಿಂಡು ಏಳನೆಯ ಜಾಗದ ಮೇಲೆ ಹಾದದ್ದನ್ನು ಅಲ್ಲಿ ಉಳಿದ ಹದಿಮೂರು ಜನ ಕೇಳಿದ್ದರು. ಅವನು ಸುಳ್ಳು ಹೇಳುತ್ತಿಲ್ಲ ಎಂಬುದೂ ಎಲ್ಲರಿಗೂ ಗೊತ್ತಾಗಿತ್ತು. ಅದೇ ಕಷ್ಟವಾದದ್ದು. ಕಾಮಿದೆ ಮುತ್ಸುಕೊ ಕಡೆ ತಿರುಗಿ, ಮುಂದಿನವರ ಕೋಲು ಏಳುವ ಮೊದಲೇ ನೀನು ಎಸೆದದ್ದನ್ನು ನೋಡಿದೆ, ಯಾಕಮ್ಮ ಎಂದು ಮೆಲ್ಲಗೆ ಕೇಳಿದ. ಕುನಿಜೋ ಒಲೆಯ ಬೆಂಕಿ ನೋಡುತ್ತಿದ್ದ.

ಇದ್ದದ್ದನ್ನು ಹೇಳಿದರೆ ಬಲೆ ಉಳಿಯುತ್ತಿತ್ತು. ಮುತ್ಸುಕೊ ಚಾಪೆಯ ಮೇಲೆ ಅಂಗೈ ಊರಿ ತಲೆ ಬಾಗಿಸಿದಳು.

"ಆತುರ ಪಟ್ಟೆ ಅಣ್ಣ. ತಪ್ಪು ನಂದೇ."

ಅವಳು ಮಂಡಿಯಲ್ಲೇ ಸರಿದು ಹೋಗಿ ಹಕ್ಕಿಯನ್ನು ಮಾವನ ಮಂಡಿಯ ಬಳಿ ಇಟ್ಟಳು. ಕಾಮಿದೆ ಹೂಂಗುಟ್ಟಿದ. ಎಲ್ಲರಿಗೂ ಒಂದು ಬಗೆಯ ನೆಮ್ಮದಿಯಾದಂತೆ ಕಂಡಿತು.

ಕುನಿಜೋ ಹಕ್ಕಿಯನ್ನು ನೋಡಿದ. ಹಾಗೆ ಮಂಡಿಯ ಬಳಿ ಇಟ್ಟ ಹಕ್ಕಿಗೆ ಏನರ್ಥ ಎಂದು ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನು. ಸೊಸೆಯ ಬಾಗಿದ ತಲೆ ನೋಡಿದ, ಸುತ್ತ ಕುಳಿತವರ ಮುಖ ನೋಡಿದ. ಒಬ್ಬರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಮುತ್ಸು, ತಲೆ ಎತ್ತು. ಎಷ್ಟು ಹಿಂಡು ಬಂತು?"

ಅವಳು ಹಕ್ಕಿಯ ಕಡೆಗೇ ನೋಡಿದಳು.

"ನಿನ್ನನ್ನೇ ಕೇಳ್ತಿರೋದು."

ಅವಳು ಮೂರು ಬೆರಳು ತೋರಿಸಿದಳು. ಆ ಮನೆಯವರಲ್ಲಿ ಯಾರೂ ಅವನೊಂದಿಗೆ ಅದುವರೆಗೆ ಕೈಸನ್ನೆಯಲ್ಲಿ ಮಾತಾಡಿರಲಿಲ್ಲ.

"ಎಷ್ಟು ಎತ್ತರ?"

ಅವಳು ಅಂಗೈಯನ್ನು ತನ್ನ ತಲೆಯಿಂದ ಒಂದಿಷ್ಟು ಮೇಲೆ ಹಿಡಿದಳು. ಕುನಿಜೋ ಆ ಅಂಗೈಯನ್ನು ನೋಡಿದ. ಆಮೇಲೆ ಹಕ್ಕಿಯನ್ನು ಎರಡು ಕೈಯಲ್ಲಿ ಎತ್ತಿ, ಕೆದರಿದ ಗರಿಗಳನ್ನು ಹೆಬ್ಬೆರಳಿನಿಂದ ಸರಿಮಾಡಿ, ಸೊಸೆಯ ಮಂಡಿಯ ಬಳಿಗೆ ಹಿಂದಿರುಗಿಸಿದ. ಕಾಮಿದೆಯ ಕಡೆ ತಿರುಗಿದಾಗ ಅವನ ದನಿ ಎಂದಿನಂತೆಯೇ ಇತ್ತು.

"ಇವಳು ತಪ್ಪು ಮಾಡಿಲ್ಲ ಕಾಮಿದೆ. ಇವಳ ಮುಂದೆ ಯಾರೂ ನಿಂತಿರಲಿಲ್ಲ."